ದುಂಡಂದೋ, ಚೌಕಂದೋ: ವಿಡಿಯೋ ಕೌಂಟರಿನ ಹದಿನಾರು ವರ್ಷ

೨ ನವೆಂಬರ್ ೨೦೦೯, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನವನಗರದ ನಮ್ಮ ಮನೆಯ ಹಿತ್ತಲ ಕಟ್ಟೆಯ ಮೇಲೆ ಕುಳಿತು ಇದನ್ನು ಶುರು ಮಾಡಿದ್ದೇನೆ. ಈ ಹೊತ್ತಿಗೆ ನಾನು ಹುಬ್ಬಳ್ಳಿ ಬಸ್ಸಿಗೆ ತಯಾರಾಗುತ್ತಿರಬೇಕಿತ್ತು.

ನನಗೀಗ ಮೂವತ್ತೆಂಟು ವರ್ಷ. ನಿವೃತ್ತಿ ಎಂದರೆ ಹೆಂಡತಿಯೂ ನಗುತ್ತಾಳೆ. ಆದರೆ ಶನಿವಾರ ಸಾವ್ಕಾರರು ನನಗೆ ಶಾಲು ಹೊದಿಸಿ, ಫೇಡೆ ತಿನ್ನಿಸಿ, ಎಲ್ಲರ ಎದುರು ಎರಡು ಮಾತಾಡಿ ಕಳಿಸಿಕೊಟ್ಟಿದ್ದಾರೆ. ನಾನು ೧೯೯೩ರ ಜೂನಿನಲ್ಲಿ ಸೇರಿದ್ದು ಅವರ ಅಂಗಡಿಯ ವಿಡಿಯೋ ಪ್ಲೇಯರ್ ಕೌಂಟರಿಗೆ. ಹೋದ ತಿಂಗಳು ಆ ಕೌಂಟರನ್ನೇ ತೆಗೆದು ಅಲ್ಲಿ ಮೊಬೈಲು ಇಟ್ಟರು. ‘ನೀನೂ ಅಲ್ಲೇ ನಿಲ್ಲು’ ಎಂದು ಸಾವ್ಕಾರರು ಹೇಳಿದರು. ನನಗೇ ಸಾಕೆನ್ನಿಸಿತು. ಡಿಸೆಂಬರಿನಿಂದ ಭಾವನ ಬಿತ್ತನೆ ಬೀಜದ ಅಂಗಡಿಯಲ್ಲಿ ಕೂರುತ್ತೇನೆ. ಹೊಸ ಬೀಜ ಬಂತೆಂದು ಹಳೆಯ ಹೊಲ ನಡೆಯದಂತಾಗುವುದಿಲ್ಲ ಎಂಬ ಧೈರ್ಯವಿದೆ.

ಅಂಗಡಿಯಲ್ಲಿ ಈಗ ಇಬ್ಬರು ಹೊಸಬರು ಸೇರಿದ್ದಾರೆ. ‘ನಿಮ್ಮ ಡೈರಿಯೊಳಗ ಏನೈತ್ರಿ ಅಣ್ಣಾರ, ನಮಗೂ ಹೇಳ್ರಿ’ ಎಂದು ಅವರು ಕೇಳಿದ್ದರಿಂದ ಈ ಬರಹ. ಹದಿನಾರು ವರ್ಷಕ್ಕೆ ಹದಿನಾರು ಡೈರಿಗಳಿವೆ. ದಿನಾಲೂ ನಾಲ್ಕು ಮನೆ ಹಾಕಿ ಬರೆಯುತ್ತಿದ್ದೆ: ಗಿರಾಕಿ ಯಾವ ಊರು, ಮೊದಲು ಏನು ಕೇಳಿದರು, ನಾನು ಏನು ಹೇಳಿದೆ, ಏನು ಒಯ್ದರು. ನನ್ನ ಪಗಾರ ಯಾವಾಗ ಎಷ್ಟು ಏರಿತು ಎಂಬುದು ಅದರಲ್ಲಿ ಇಲ್ಲ. ಯಾರಿಗೂ ಬೇಕಾಗಿಯೂ ಇಲ್ಲ.

ಮೊದಲು ನಮ್ಮ ಸಾವ್ಕಾರರ ಬಗ್ಗೆ ಹೇಳಬೇಕು. ಚನ್ನಬಸಪ್ಪ ಸಾವ್ಕಾರರ ತಂದೆಯವರದು ಹತ್ತಿ ವ್ಯಾಪಾರ. ಇವರು ವಿಡಿಯೋ ಯಂತ್ರವನ್ನೂ ಹತ್ತಿಯಂತೆಯೇ ನೋಡುತ್ತಿದ್ದರು: ಕೈಯಲ್ಲಿ ಹಿಡಿದು, ತೂಗಿ, ‘ಇದರಾಗ ಸರಕು ಇಲ್ಲ’ ಎಂದು ಕೆಳಗಿಡುವರು. ಯಾವ ಯಂತ್ರವಾದರೂ ಅವರ ಬಾಯಲ್ಲಿ ‘ಡೆಕ್ಕು’. ನಾನು ಸೇರಿದ ದಿನ ಎರಡೇ ಡೆಕ್ಕುಗಳ ಬಗ್ಗೆ ಕಲಿಸಿದರು. ಒಂದು ವಿಸಿಪಿ, ಬರೀ ತೋರಿಸುವಂಥದು, ಒಂಬತ್ತು ಸಾವಿರದ ಆಸುಪಾಸು. ಇನ್ನೊಂದು ವಿಸಿಆರ್, ಟಿವಿಯಲ್ಲಿ ಬಂದದ್ದನ್ನು ತುಂಬಿಕೊಳ್ಳುವಂಥದೂ ಹೌದು, ಹದಿನೈದು ಸಾವಿರಕ್ಕೆ ಕಡಿಮೆಯಿಲ್ಲ.

‘ಯಾವುದು ಹೆಚ್ಚು ಮಾರಬೇಕ್ರಿ?’ ಎಂದು ಕೇಳಿದೆ.

‘ಗಿರಾಕಿ ಮಾತಾಡೂಮಟಾ ನೀ ಮಾತಾಡಬ್ಯಾಡ. ಆಮ್ಯಾಲ ಗೊತ್ತಾಗತೈತಿ’ ಎಂದರು.

ಈ ಮಾತು ನನಗೆ ಅರ್ಥವಾಗಲು ಏಳು ವರ್ಷ ಹಿಡಿಯಿತು. ಅದನ್ನೇ ಹೇಳಹೊರಟಿದ್ದೇನೆ.

ಯಂತ್ರದ ಬೆಲೆ ಇಳಿಯುವುದನ್ನು ಕಾಯುವವರು ಒಂದು ಜಾತಿ. ಧಾರವಾಡದ ಸಪ್ತಾಪುರದಿಂದ ಒಬ್ಬ ಭೂಗೋಳದ ಪ್ರಾಧ್ಯಾಪಕರು ಬರುತ್ತಿದ್ದರು, ಕುಲಕರ್ಣಿ ಸರ್. ಮೊದಲ ಸಲ ಬಂದದ್ದು ೧೯೯೫ರ ದೀಪಾವಳಿಗೆ. ಆಮೇಲೆ ಪ್ರತಿ ದೀಪಾವಳಿಗೆ ಹಬ್ಬದ ಹಿಂದಿನ ದಿನ ಬರುವರು, ಹೊಸ ಯಂತ್ರಗಳ ಬೆಲೆಯನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳುವರು, ಚಹಾ ಕುಡಿಯುವರು.

‘ಈ ವರ್ಷ ಒಯ್ರಿ ಸರ್.’

‘ಒಯ್ಯೋಣಪಾ. ಮುಂದಿನ ವರ್ಷ ಇನ್ನೂ ಇಳೀತದ.’

ಅವರ ಮಾತು ಪ್ರತಿ ವರ್ಷವೂ ನಿಜವಾಗುತ್ತಿತ್ತು. ೧೯೯೮ರಲ್ಲಿ ಸಿಡಿ ಹಾಕುವ ಯಂತ್ರ, ಅಂದರೆ ವಿಸಿಡಿ ಪ್ಲೇಯರ್, ಬಂದಾಗ ಎಂಟು ಸಾವಿರ. ಎರಡೇ ವರ್ಷದಲ್ಲಿ ಆರೂವರೆ. ೨೦೦೩ಕ್ಕೆ ಎರಡು ಸಾವಿರದ ಒಳಗೆ. ಮಕಬೂಲ್ ಚಾಚಾ ಎಂದು ನಮ್ಮ ಮೆಕ್ಯಾನಿಕ್ ಇದ್ದರು, ಅಂಗಡಿಯ ಮಾಳಿಗೆಯಲ್ಲಿ ಅವರ ಮೇಜು. ಸರ್ ಮೆಟ್ಟಿಲಿಳಿದು ಹೋದ ಕೂಡಲೇ ಮೇಲಿನಿಂದ ಕೂಗುವರು: ‘ಈರಣ್ಣಾ, ಆ ಸರ್ ಕಾಯ್ಕೋತ ಕುಂತ್ರ ಒಂದಿನ ನಾವ ರೊಕ್ಕಾ ಕೊಟ್ಟು ಕಳಸಬೇಕಾಗತೈತಿ ನೋಡು.’

ಸರ್ ಯಾಕೆ ಹೀಗೆ ಕಾಯುತ್ತಾರೆ ಎಂದು ನಾನು ಕೇಳಲಿಲ್ಲ. ಜಿಪುಣರು ಎಂದುಕೊಂಡಿದ್ದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

೨೦೦೦ದ ಸೆಪ್ಟೆಂಬರಿನಲ್ಲಿ ಸಾವ್ಕಾರರು ಹಳೆಯದು ಕೊಟ್ಟು ಹೊಸದು ಒಯ್ಯುವ ಯೋಜನೆ ಹಾಕಿದರು. ಹಳೆಯ ವಿಸಿಪಿ ತಂದರೆ ವಿಸಿಡಿ ಪ್ಲೇಯರಿನಲ್ಲಿ ಒಂದೂವರೆ ಸಾವಿರ ಸೋಡಿ, ಅಂದರೆ ರಿಯಾಯಿತಿ. ದಸರೆಯತನಕ ಜನ ಮುಗಿಬಿದ್ದರು. ಆಗ ನಾನೊಂದು ಲೆಕ್ಕ ಇಟ್ಟಿದ್ದೆ: ಗಿರಾಕಿಯ ಮೊದಲ ಪ್ರಶ್ನೆ ಯಾವುದು? ನೂರ ಹದಿನೆಂಟು ಗಿರಾಕಿಗಳಲ್ಲಿ ತೊಂಬತ್ತು ಮಂದಿ ಬೆಲೆ ಕೇಳಿದ್ದರು. ಇಪ್ಪತ್ತೆಂಟು ಮಂದಿ ಕೇಳಿದ್ದು ಬೇರೆ: ‘ಮನ್ಯಾಗಿನ ಹಳೇವು ಇದರಾಗ ನಡೀತಾವೇನ್ರಿ?’ ಈ ಇಪ್ಪತ್ತೆಂಟರಲ್ಲಿ ಇಪ್ಪತ್ತೈದು ಹೆಂಗಸರು. ಬರೆದುಕೊಂಡೆ, ಅಡಿಗೆರೆ ಎಳೆದೆ, ಅದರ ಬಗ್ಗೆ ಯೋಚಿಸಲಿಲ್ಲ.

ಆ ಇಪ್ಪತ್ತೈದರಲ್ಲಿ ಒಬ್ಬರು ಶಿರಗುಪ್ಪಿಯ ನೀಲವ್ವ. ಸೆಪ್ಟೆಂಬರ್ ಮೂವತ್ತು, ಶನಿವಾರ. ಗಂಡ ಶಂಕ್ರಪ್ಪ ವಿಸಿಪಿಯನ್ನು ಧೋತರದಲ್ಲಿ ಕಟ್ಟಿ ಹೆಗಲ ಮೇಲೆ ತಂದಿದ್ದರು. ಅವರು ಬೆಲೆ ಮಾತಾಡುತ್ತಿದ್ದಾಗ ನೀಲವ್ವ ಹೊಸ ಯಂತ್ರವನ್ನು ಹಿಂದೆ ಮುಂದೆ ನೋಡಿ ಕೇಳಿದರು:

‘ಅಣ್ಣಾರ, ಮನ್ಯಾಗ ಕ್ಯಾಸೆಟ್ ಅದಾವ್ರಿ. ಇದರಾಗ ನಡೀತಾವೇನ್ರಿ?’

‘ಎಲ್ಲಾ ಕ್ಯಾಸೆಟ್ ನಡೀತಾವ್ರಿ ಅಕ್ಕಾರ’ ಎಂದೆ.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ನಮ್ಮ ಕಡೆ ಸಿಡಿಗೂ ಕ್ಯಾಸೆಟ್ ಎಂದೇ ಹೆಸರು. ‘ಹೊಸಾ ಕ್ಯಾಸೆಟ್ ಬಂದಾವೇನ್ರಿ’ ಎಂದು ಕೇಳಿದರೆ ನಾವು ಸಿಡಿಯನ್ನೇ ಕೊಡುತ್ತಿದ್ದೆವು. ನೀಲವ್ವ ಕೇಳಿದ್ದು ಇಟ್ಟಂಗಿಯಂಥ ಕರಿ ಟೇಪು. ನಾನು ಉತ್ತರ ಕೊಟ್ಟದ್ದು ತಾಟಿನಂಥ ಸಿಡಿಗೆ. ಹಳೆಯ ವಿಸಿಪಿಯನ್ನು ಒಳಗಿಟ್ಟುಕೊಂಡೆ, ಹೊಸದನ್ನು ಕೊಟ್ಟೆ, ಎರಡು ಸಿನೆಮಾ ಸಿಡಿ ಪುಕ್ಕಟೆ ಕೊಟ್ಟೆ. ಡೈರಿಯಲ್ಲಿ ಅವತ್ತಿನ ಸಾಲು ಹೀಗಿದೆ: ‘ಶಿರಗುಪ್ಪಿ. ಗಂಡ ಹೆಂಡತಿ. ಪ್ರಶ್ನೆ: ಕ್ಯಾಸೆಟ್ ನಡೀತಾವೇನು. ಉತ್ತರ: ನಡೀತಾವ.’ ನನ್ನ ತಪ್ಪಿಗೆ ನನ್ನ ಕೈಬರಹವೇ ಸಾಕ್ಷಿ.

ಅಕ್ಟೋಬರ್ ಒಂಬತ್ತರಂದು ಶಂಕ್ರಪ್ಪ ಹೊಸ ಯಂತ್ರವನ್ನು ಅದೇ ಧೋತರದಲ್ಲಿ ಕಟ್ಟಿಕೊಂಡು ವಾಪಸು ಬಂದರು.

‘ಚಿತ್ರಾ ಬರವಲ್ದ್ರಿ. ನಿನ್ನಿಮಟಾ ಛಲೋ ಇತ್ತು.’

ಮಕಬೂಲ್ ಚಾಚಾ ಮುಚ್ಚಳ ತೆಗೆದರು. ಒಳಗೆಲ್ಲ ಬೂದುಬಣ್ಣದ ಪುಡಿ. ಬೆಳಕು ಬೀಳುವ ಸಣ್ಣ ಗಾಜಿನ ಮೇಲೂ ಅದೇ. ಸಿಡಿ ತಿರುಗಿಸಿ ನೋಡಿದರೆ ಹೊಳೆಯುವ ಬದಿಗೆ ಮೂರು ಬೆರಳಿನ ವಿಭೂತಿ.

‘ದಸರಾದಾಗ ಖಂಡೇ ಪೂಜಿಗೆ ಹಚ್ಚಿದ್ವಿರಿ. ಅಕ್ಷರ ಇದ್ದದ್ದು ಬೆನ್ನ, ಕನ್ನಡಿಹಂಗ ಹೊಳಿಯೂದು ಮಾರಿ ಅಂತ ತಿಳದ್ವಿ.’

ಚಾಚಾ ನಗಲಿಲ್ಲ. ಮೆತ್ತನೆಯ ಕುಂಚದಿಂದ ಪುಡಿಯನ್ನೆಲ್ಲ ಒಂದು ಕಾಗದದ ಮೇಲೆ ಕೂಡಿಸಿ, ಮಡಚಿ ಪೊಟ್ಟಣ ಮಾಡಿ ಶಂಕ್ರಪ್ಪನ ಕೈಗೆ ಕೊಟ್ಟರು. ‘ದೇವರದು. ಕಸದಬುಟ್ಟ್ಯಾಗ ಹಾಕಂಗಿಲ್ಲ. ಮುಂದಿನ ವರ್ಷ ಡಬ್ಬಿಗೆ ಹಚ್ಚ್ರಿ, ತಾಟಿಗೆ ಬ್ಯಾಡ.’ ಯಂತ್ರ ಮತ್ತೆ ನಡೆಯಿತು.

ಶಂಕ್ರಪ್ಪ ಹೊರಡುವಾಗ ನೆನಪಾದವರಂತೆ ನಿಂತರು. ‘ಅಂದಂಗ, ಲಗ್ನದ ಕ್ಯಾಸೆಟ್ ಎಲ್ಲಿ ತುರಕಬೇಕ್ರಿ? ಇದರ ಬಾಯಿ ಸಣ್ಣದ ಐತಿ. ನಮ್ಮಾಕಿ ಒಂದವಾರದಿಂದ ಕೇಳಾಕತ್ತಾಳ.’

ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಹಾಗೇ ಉಳಿಯಿತು. ಅವರ ವಿಸಿಪಿ ಅಷ್ಟರಲ್ಲಿ ಉಳಿದ ನಲವತ್ತರ ಜೊತೆಗೆ ಲಾರಿ ಹತ್ತಿ ಹೊರಗಿನ ವ್ಯಾಪಾರಿಯ ಪಾಲಾಗಿತ್ತು.

ಮರುದಿನ ನೀಲವ್ವನೇ ಬಂದರು, ಟೇಪನ್ನು ಸೆರಗಿನಲ್ಲಿ ಸುತ್ತಿಕೊಂಡು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಅವರು ಜಗಳವಾಡಲಿಲ್ಲ. ಕುಳಿತು ವಿಷಯ ಹೇಳಿದರು.

ಆ ಟೇಪು ೧೯೯೦ರಲ್ಲಿ ಆದ ಅವರ ಮದುವೆಯದು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾರೆ. ಇವರ ಮನೆಯಲ್ಲಿ ಇನ್ನೊಂದು ಪದ್ಧತಿ: ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಮನೆಯ ಹಿರಿಯ ಹೆಂಗಸು ಹೊಸ್ತಿಲಲ್ಲಿ ನಿಂತು ನಾಲ್ಕು ಸಾಲಿನ ಒಡಪು ಹೇಳಬೇಕು, ಆಮೇಲೆಯೇ ಹೊಸ ಸೊಸೆ ಒಳಗೆ ಕಾಲಿಡಬೇಕು. ನೀಲವ್ವ ಸೊಸೆಯಾಗಿ ಬಂದಾಗ ಹೇಳಿದವರು ಅತ್ತೆ ಗಂಗವ್ವ. ಗಂಗವ್ವ ತೀರಿಕೊಂಡು ಎರಡು ವರ್ಷವಾಗಿತ್ತು, ಅವರ ಯಜಮಾನರು ಮಲ್ಲಪ್ಪಜ್ಜ ಅದಕ್ಕೂ ಮೊದಲೇ ಹೋಗಿದ್ದರು. ಈಗ ಶಂಕ್ರಪ್ಪನ ತಮ್ಮನ ಲಗ್ನ ನವೆಂಬರ್ ಇಪ್ಪತ್ತಾರಕ್ಕೆ. ಹೊಸ್ತಿಲಲ್ಲಿ ನಿಲ್ಲಬೇಕಾದವರು ನೀಲವ್ವ.

‘ಎರಡು ಸಾಲು ಬರ್ತಾವ್ರಿ, ಕಡೀದೂ ಬರತೈತಿ. ಮೂರನೇದು ಬರಂಗಿಲ್ಲ. ಟೇಪಿನ್ಯಾಗ ಐತೆಲ್ಲಾ ಅಂತ ನಾ ಕಲೀಲೇ ಇಲ್ಲ.’

‘ಬ್ಯಾರೆ ಯಾರಿಗೂ ನೆನಪಿಲ್ಲೇನ್ರಿ?’

‘ಎಲ್ಲಾರಿಗೂ ನೆನಪೈತಿ. ಒಬ್ಬೊಬ್ಬರು ಒಂದೊಂದು ಹೇಳತಾರ.’

‘ನೀವು ಅಲ್ಲೇ ಇದ್ರೆಲ್ಲ ಅಕ್ಕಾರ.’

‘ನಾ ಮದಿಮಗಳು. ತಲಿ ಬಗ್ಗಿಸಿ ಅಕ್ಕಿ ತುಂಬಿದ ಸೇರು ನೋಡ್ಕೋತ ನಿಂತಿದ್ದೆ, ಒದಿಯೂದು ಎಡಗಾಲೋ ಬಲಗಾಲೋ ಅಂತ. ಯಾರ ಮಾತು ಯಾರಿಗೆ ಕೇಳತೈತ್ರಿ?’

ಸಾವ್ಕಾರರಿಗೆ ನಡೆದದ್ದನ್ನು ಹೇಳಿ, ಡೈರಿಯನ್ನೂ ತೋರಿಸಿದೆ. ಓದಿ ಮುಚ್ಚಿಟ್ಟರು. ‘ನೀ ಸುಳ್ಳ ಹೇಳಿಲ್ಲ. ಆ ಹೆಣ್ಣಮಗಳು ಏನು ಕೇಳಿದ್ಲು ಅನ್ನೂದನ್ನ ಕೇಳಿಲ್ಲ, ಅಷ್ಟ. ಲಗ್ನಕ್ಕಿಂತ ಮೊದಲ ಆ ಕ್ಯಾಸೆಟ್ ತೋರಿಸಿ ಬಾ. ಎಷ್ಟು ದಿನಾ ಹೋದ್ರೂ ರಜಾ ಅಂತ ಹಿಡಿಯಂಗಿಲ್ಲ.’

ಅಂಗಡಿಯಲ್ಲಿ ಟೇಪಿನ ಯಂತ್ರ ಒಂದೂ ಉಳಿದಿರಲಿಲ್ಲ, ಹದಿನೈದು ದಿನ ಹುಡುಕಿದೆ. ಡೈರಿ ತೆಗೆದು ಯಾರು ಯಾರು ಟೇಪಿನ ಯಂತ್ರ ಒಯ್ದಿದ್ದರು ಎಂದು ಪಟ್ಟಿ ಮಾಡಿದೆ. ಮೂವತ್ತೆರಡು ಮನೆಗಳಿಗೆ ಹೋದೆ. ಹತ್ತೊಂಬತ್ತು ಮನೆಯವರು ನನ್ನ ಕೈಗೇ ಕೊಟ್ಟು ಸಿಡಿ ಯಂತ್ರ ಒಯ್ದಿದ್ದರು. ಅದು ಅವರ ಬಾಗಿಲಿಗೆ ಹೋದ ಮೇಲೆ ನೆನಪಾಯಿತು. ಒಂಬತ್ತು ಕೆಟ್ಟಿದ್ದವು. ಉಳಿದ ನಾಲ್ಕು ಮನೆಯವರು ಚಿತ್ರ ಸರಿಯಾಗಿ ಬರದ ಯಂತ್ರವನ್ನು ಕೊಡಲು ತಯಾರಿದ್ದರು, ಆದರೆ ಅಂಥದರಲ್ಲಿ ಹತ್ತು ವರ್ಷದ ಟೇಪು ಹಾಕಿದರೆ ಅಗಿದುಬಿಡುತ್ತದೆ ಎಂದು ಚಾಚಾ ಒಪ್ಪಲಿಲ್ಲ.

ಟೇಪಿನ ಸುತ್ತಲೂ ಬಿಳಿಯ ಬೂಷ್ಟು ಹಿಡಿದಿತ್ತು. ಚಾಚಾ ಡಬ್ಬಿ ಬಿಚ್ಚಿ, ಮೂರು ಮಧ್ಯಾಹ್ನ ಕುಳಿತು, ಕೈಯಿಂದಲೇ ಸುತ್ತುತ್ತ ಒರೆಸಿದರು. ‘ಈರಣ್ಣಾ, ಈ ಮನಿ ನಸೀಬ ಛಲೋ ಐತಿ. ವಿಸಿಆರ್ ತಗೊಂಡವರ ಲಗ್ನದ ಮ್ಯಾಲೆ ಎಲ್ಲಾ ಕ್ರಿಕೆಟ್ ಮ್ಯಾಚ್ ತುಂಬ್ಯಾರ. ಇವರದು ವಿಸಿಪಿ. ತುಂಬಾಕ ಬರ್ತಿದ್ದಿಲ್ಲ, ಉಳೀತು’ ಎಂದರು. ಹಿಂದೆ ಅವರಿಗೆ ಆ ವಿಸಿಪಿ ಮಾರಿದವನೂ ನಾನೇ, ಆರು ಸಾವಿರ ಉಳಿಸಿಕೊಡಲು ಅಗ್ಗದ್ದನ್ನು ಕೊಟ್ಟಿದ್ದೆ. ಅದು ಮದುವೆಯನ್ನೂ ಉಳಿಸಿತ್ತು ಎಂದು ಆಗ ತಿಳಿಯಿತು.

ದೀಪಾವಳಿ ಬಂತು. ಹಬ್ಬದ ಹಿಂದಿನ ದಿನ ಕುಲಕರ್ಣಿ ಸರ್ ತಪ್ಪದೆ ಬಂದರು, ಚೀಟಿ ತೆಗೆದರು. ಆರನೆಯ ಸಲ. ನನಗೆ ಬೆಲೆ ಹೇಳುವ ಉಮೇದು ಇರಲಿಲ್ಲ.

‘ಯಾಕೋ ಸಪ್ಪಗ ಕೂತೀಯಲ್ಲ?’

‘ಒಂದು ಟೇಪಿನ ಯಂತ್ರ ಬೇಕಾಗೇತ್ರಿ ಸರ್, ಒಂದ ತಾಸು. ಎಲ್ಲೂ ಸಿಗವಲ್ದು.’

‘ನಮ್ಮನ್ಯಾಗ ಅದ ಅಲ್ಲೋ.’

ನಾನು ಅವರ ಮುಖ ನೋಡಿದೆ. ‘ನಿಮ್ಮನ್ಯಾಗ್ರಿ?’

‘ಹೌದು. ವಿಸಿಆರ್. ಎಂಬತ್ತೊಂಬತ್ತರಾಗ ಹದಿನೆಂಟು ಸಾವಿರ ಕೊಟ್ಟು ತಂದೆ. ಮರುವರ್ಷ ಎರಡು ಸಾವಿರ ಇಳೀತು. ಆವತ್ತಿನಿಂದ ನಾ ಯಾವುದನ್ನೂ ಲಗೂ ತಗೋಳೂದಿಲ್ಲ.’

ಐದು ವರ್ಷ ಅವರಿಗೆ ಚಹಾ ಕೊಟ್ಟಿದ್ದೆ. ಮನೆಯಲ್ಲಿ ಏನಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಯಂತ್ರವನ್ನು ಹೊರಗೆ ಕೊಡಲು ಸರ್ ಒಪ್ಪಲಿಲ್ಲ. ‘ಎಲ್ಲಾರೂ ನಮ್ಮಲ್ಲೇ ಬರ್ರಿ’ ಎಂದರು. ನವೆಂಬರ್ ಹನ್ನೆರಡು, ರವಿವಾರ, ಬೆಳಿಗ್ಗೆ ಹತ್ತಕ್ಕೆ ಶಂಕ್ರಪ್ಪ, ನೀಲವ್ವ, ಚಾಚಾ, ನಾನು ಸಪ್ತಾಪುರದ ಅವರ ಮನೆಯಲ್ಲಿದ್ದೆವು. ವಿಸಿಆರಿನ ಮೇಲೆ ಕ್ರೋಶಾ ಹೆಣಿಗೆಯ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಹೂದಾನಿ. ಸರ್ ತಾವೇ ಎರಡನ್ನೂ ತೆಗೆದರು. ಅವರ ಮನೆಯವರು ಎಲ್ಲರಿಗೂ ಅವಲಕ್ಕಿ ಕೊಟ್ಟು, ‘ಈ ಪೆಟಗೀ ಇವತ್ತು ಯಾರಿಗಾದರೂ ಉಪಯೋಗಾತು ನೋಡ್ರಿ’ ಎಂದರು. ಸರ್ ಕೇಳಿಸದವರಂತೆ ತಂತಿ ಸಿಗಿಸಿದರು.

ಚಿತ್ರ ಬಂತು. ಬಣ್ಣ ಸ್ವಲ್ಪ ನೀಲಿಗೆ ತಿರುಗಿತ್ತು, ಆದರೂ ಮುಖಗಳು ಗುರುತು ಸಿಗುತ್ತಿದ್ದವು. ಹೊಸ್ತಿಲಲ್ಲಿ ಗಂಗವ್ವ, ಎತ್ತರದ ಹೆಂಗಸು, ಸೊಂಟದ ಮೇಲೆ ಕೈ. ಪಕ್ಕದಲ್ಲಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಮಲ್ಲಪ್ಪಜ್ಜ. ನಾನು ಡೈರಿ ಬಿಚ್ಚಿ ಪೆನ್ನು ಹಿಡಿದೆ.

ಹತ್ತಿ ಬಿಡಿಸಿ ಹೊತ್ತ ಏರಿತು, ಬುತ್ತಿ ಬಿಚ್ಚಿದೆ ಬದುವಿನ ಮ್ಯಾಲ,
ನನಗೊಂದು ರೊಟ್ಟಿ, ಅವರಿಗೆರಡು, ಬೆಣ್ಣಿ ಇಟ್ಟೆ ಖಾರದ ಮ್ಯಾಲ,

ಅಲ್ಲಿಗೆ ಪರದೆಯ ತುಂಬ ಬಿಳಿ ಗೆರೆಗಳು. ಸ್ವರದ ಬದಲು ಮಳೆ ಸುರಿದಂಥ ಸದ್ದು. ಆ ಸದ್ದಿನ ಕೊನೆಯಲ್ಲಿ ಒಂದೇ ಪದ ಕೇಳಿತು: ‘ಮ್ಯಾಲ’. ಗೆರೆಗಳು ಸರಿದಾಗ ಅಂಗಳದ ಜನರೆಲ್ಲ ನಗುತ್ತಿದ್ದರು, ಮಲ್ಲಪ್ಪಜ್ಜ ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದರು. ಗಂಗವ್ವ ಮಾತ್ರ ನಗದೆ, ನಗು ನಿಲ್ಲುವತನಕ ಕಾದು, ಕೊನೆಯ ಸಾಲು ಹೇಳಿದರು:

ಶಿರಗುಪ್ಪಿ ಮಲ್ಲಪ್ಪನ ಹೆಸರ ಹೇಳತೀನಿ, ಸೊಸಿ ತಂದ ಹೊಸ್ತಲ ಮ್ಯಾಲ.

ಚಾಚಾ ನಾಲ್ಕು ಸಲ ಹಿಂದೆ ಸರಿಸಿ ಹಾಕಿದರು. ನಾಲ್ಕು ಸಲವೂ ಮಳೆ. ಟೇಪನ್ನು ಹೊರತೆಗೆದು ಬೆಳಕಿಗೆ ಹಿಡಿದರು. ‘ಇಲ್ಲೇ ಸವದೈತಿ. ಇದೊಂದ ಜಾಗಾ. ಭಾಳ ಸಲ ಹಿಂದ ಸರಿಸಿ ನೋಡೀರೇನು?’

ಶಂಕ್ರಪ್ಪ ತಲೆ ತಗ್ಗಿಸಿದರು. ‘ಅಪ್ಪ ಮಾರಿ ಮುಚ್ಚಿಕೊಳ್ಳೂದು ನೋಡಾಕ್ರಿ. ಹುಡುಗರು ಅಲ್ಲೇ ಅಲ್ಲೇ ಹಾಕಸ್ತಿದ್ರು. ಅದು ಬರೂಕಿಂತ ಮೊದಲ ಎಲ್ಲಾರೂ ನಗಾಕ ಚಾಲೂ ಮಾಡ್ತಿದ್ವಿ.’

ತಪ್ಪು ನನ್ನದೊಂದೇ ಅಲ್ಲ ಎಂದು ಗೊತ್ತಾಗಿ ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಎರಡು ವಾರ ಉಳಿದಿತ್ತು, ಒಂದು ಸಾಲು ಕಡಿಮೆಯಿತ್ತು. ನೀಲವ್ವ ಅವಲಕ್ಕಿಯ ತಾಟು ಕೆಳಗಿಟ್ಟು, ‘ಅತ್ತಿ ಎಷ್ಟು ಎತ್ತರ ಇದ್ರು ಅನ್ನೂದ ಮರೆತಿದ್ದೆ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಅಣ್ಣಾರ, ಲಗ್ನಕ್ಕ ಬರ್ರಿ. ಬರಲಿಲ್ಲಂದ್ರ ನಾ ಏನು ಹೇಳ್ದೆ ಅಂತ ನಿಮಗ ಗೊತ್ತಾಗಂಗಿಲ್ಲ’ ಎಂದರು.

ನವೆಂಬರ್ ಇಪ್ಪತ್ತಾರಕ್ಕೆ ಚಾಚಾ ಮತ್ತು ನಾನು ಶಿರಗುಪ್ಪಿಗೆ ಹೋದೆವು. ಮಧ್ಯಾಹ್ನ ಮೂರಕ್ಕೆ ಮನೆ ತುಂಬಿಸಿಕೊಳ್ಳುವ ಶಾಸ್ತ್ರ. ಬಾಗಿಲಲ್ಲಿ ಅಕ್ಕಿಯ ಸೇರು, ಹೊರಗೆ ತಲೆ ತಗ್ಗಿಸಿದ ಮದುಮಗಳು. ನೀಲವ್ವ ಗಿಡ್ಡ ಹೆಂಗಸು. ಹೊಸ್ತಿಲ ಒಳಗೆ ಒಂದು ಮಣೆ ಹಾಕಿಕೊಂಡು ನಿಂತು, ಸೊಂಟದ ಮೇಲೆ ಕೈಯಿಟ್ಟರು. ಮೊದಲಿನ ಎರಡು ಸಾಲು ಅತ್ತೆಯವೇ. ಅಲ್ಲಿ ಒಂದು ಉಸಿರು ನಿಂತರು. ಅಂಗಳ ಗಪ್ಪಾಯಿತು, ಅಲ್ಲಿದ್ದ ಅರ್ಧ ಜನಕ್ಕೆ ಸಾಲು ಹೋಗಿರುವುದು ಗೊತ್ತಿತ್ತು. ನೀಲವ್ವ ಗಂಡನನ್ನು ನೋಡಿ ಹೇಳಿದರು:

ಡೆಕ್ಕ ಕೊಟ್ಟು ತಾಟ ತಂದಾರ, ಲಗ್ನದ ಚಿತ್ರ ಅಟ್ಟದ ಮ್ಯಾಲ,
ಮಲ್ಲಪ್ಪನ ಮಗ ಶಂಕ್ರಪ್ಪನ ಹೆಸರ ಹೇಳತೀನಿ, ತಂಗಿ ತಂದ ಹೊಸ್ತಲ ಮ್ಯಾಲ.

ಅಂಗಳವೆಲ್ಲ ನಕ್ಕಿತು. ನಾನು ಶಂಕ್ರಪ್ಪನನ್ನು ನೋಡಿದೆ. ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಮುಚ್ಚಿಕೊಂಡಿದ್ದರು.

‘ಅಪ್ಪನ ಮಗಾ’ ಎಂದು ಮುದುಕಿಯೊಬ್ಬಳು ಕೂಗಿದಳು. ಮದುಮಗಳು ಸೇರು ಒದ್ದು ಒಳಗೆ ಬಂದಳು. ಎಡಗಾಲೋ ಬಲಗಾಲೋ, ನಾನೂ ನೋಡಲಿಲ್ಲ.

ಮರುದಿನ ಅಂಗಡಿಯಲ್ಲಿ ‘ಕ್ಯಾಸೆಟ್’ ಎಂಬ ಪದವನ್ನು ನಾನು ಬಿಟ್ಟೆ. ಗಿರಾಕಿ ಏನೇ ಕೇಳಿದರೂ ಮೊದಲು ನನ್ನ ಪ್ರಶ್ನೆ: ‘ಮನ್ಯಾಗ ಏನೇನ ಅದಾವ್ರಿ? ದುಂಡಂದೋ, ಚೌಕಂದೋ?’ ಚೌಕಂದು ಎಂದರೆ ಹಳೆಯ ಯಂತ್ರವನ್ನು ಕೊಡಬೇಡಿ ಎನ್ನುತ್ತಿದ್ದೆ, ಇಲ್ಲವೇ ಮೊದಲು ಅವರದೇ ಯಂತ್ರ ಹಚ್ಚಿ ಟೇಪನ್ನು ಸಿಡಿಗೆ ಇಳಿಸಿಕೊಡುತ್ತಿದ್ದೆವು. ವ್ಯಾಪಾರ ಸ್ವಲ್ಪ ನಿಧಾನವಾಯಿತು. ಸಾವ್ಕಾರರು ಏನೂ ಅನ್ನಲಿಲ್ಲ. ಚಾಚಾ ಕೆಲಸ ಬಿಡುವತನಕ ಮುನ್ನೂರ ಹನ್ನೆರಡು ಟೇಪು ಇಳಿಸಿದರು.

ಆಮೇಲೂ ಪ್ರಶ್ನೆ ಅದೇ ಉಳಿಯಿತು, ಯಂತ್ರ ಮಾತ್ರ ಬದಲಾಯಿತು. ಡಿವಿಡಿ ಬಂದಾಗ ದುಂಡಂದರಲ್ಲೇ ಎರಡು ತರಹ ಆದವು: ಹೊಸ ಯಂತ್ರದಲ್ಲಿ ಹಳೆಯ ಸಿಡಿ ನಡೆಯುತ್ತಿತ್ತು, ಹಳೆಯ ಯಂತ್ರದಲ್ಲಿ ಹೊಸ ಡಿವಿಡಿ ನಡೆಯುತ್ತಿರಲಿಲ್ಲ. ದುಬೈಯಿಂದ ಬಂದವರೊಬ್ಬರು ಒಂದು ಪೆಟ್ಟಿಗೆ ಡಿವಿಡಿ ತಂದಿದ್ದರು, ಇಲ್ಲಿಯ ಯಂತ್ರದಲ್ಲಿ ಒಂದೂ ಏಳಲಿಲ್ಲ. ದೇಶಕ್ಕೊಂದು ಬೀಗ ಹಾಕಿರುತ್ತಾರೆ ಎಂದು ಅವತ್ತು ನಾವೂ ಕಲಿತೆವು. ಮೊನ್ನೆ ಮೊನ್ನೆ ಇನ್ನೂ ನುಣುಪಾದ ಚಿತ್ರದ ಎರಡು ಹೊಸ ಡಿಸ್ಕುಗಳು ಒಂದಕ್ಕೊಂದು ಜಗಳವಾಡಿದವಂತೆ. ಸಾವ್ಕಾರರು ಎರಡನ್ನೂ ತರಿಸಲಿಲ್ಲ. ‘ಅವರ ಜಗಳ ಮುಗೀಲಿ’ ಎಂದರು. ಕುಲಕರ್ಣಿ ಸರ್ ಹನ್ನೊಂದನೆಯ ದೀಪಾವಳಿಗೆ, ೨೦೦೫ರಲ್ಲಿ, ಎರಡು ಸಾವಿರದ ನಾಲ್ಕುನೂರಕ್ಕೆ ಡಿವಿಡಿ ಪ್ಲೇಯರ್ ಒಯ್ದರು. ಚಾಚಾ ಕೆಳಗಿಳಿದು ಬಂದು ಅವರ ಕೈಕುಲುಕಿದರು. ಮರುವರ್ಷ ಅದು ಆರುನೂರು ಇಳಿಯಿತು. ಸರ್ ಅದನ್ನೂ ಕೇಳಿಕೊಂಡು ಹೋದರು.

ಹೊಸದಾಗಿ ಕೌಂಟರಿಗೆ ಬಂದ ನೀವು ಬೆಲೆ ಹೇಳುವುದನ್ನು ಒಂದು ವಾರದಲ್ಲಿ ಕಲಿಯುತ್ತೀರಿ. ಮನೆಯಲ್ಲಿ ಏನಿದೆ ಎಂದು ಕೇಳುವುದಕ್ಕೆ ನನ್ನ ಹಾಗೆ ಏಳು ವರ್ಷ ತೆಗೆದುಕೊಳ್ಳಬೇಡಿ.

ಡೈರಿಗಳನ್ನು ಕಟ್ಟಿ ಅಟ್ಟಕ್ಕೆ ಹಾಕುವ ಮೊದಲು ೨೦೦೦ದ ಡೈರಿಯ ಆ ಪುಟವನ್ನು ಇವತ್ತು ಮತ್ತೆ ನೋಡಿದೆ. ಎರಡು ಸಾಲು, ಒಂದು ಖಾಲಿ ಗೆರೆ, ಮತ್ತೊಂದು ಸಾಲು. ನೀಲವ್ವನ ಸಾಲನ್ನು ಪಕ್ಕದಲ್ಲಿ ಬರೆದಿಟ್ಟಿದ್ದೇನೆ, ಖಾಲಿ ಗೆರೆಯ ಮೇಲೆ ಬರೆದಿಲ್ಲ. ೧೯೯೦ರಲ್ಲಿ ಶಿರಗುಪ್ಪಿಯ ಆ ಮದುವೆಗೆ ಹೋದವರು, ಅಡುಗೆ ಮಾಡಿದವರು, ಬ್ಯಾಂಡು ಬಾರಿಸಿದವರು, ಆ ವಿಡಿಯೋ ಹಿಡಿದವರು ಯಾರಾದರೂ ಇದನ್ನು ಓದಿದರೆ, ಗಂಗವ್ವ ಹೊಸ್ತಿಲಲ್ಲಿ ಹೇಳಿದ ಮೂರನೆಯ ಸಾಲು ನೆನಪಿದ್ದರೆ, ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಸಾಲು ‘ಮ್ಯಾಲ’ ಎಂದು ಮುಗಿಯುತ್ತದೆ, ಅದನ್ನು ಕೇಳಿದರೆ ಮಲ್ಲಪ್ಪಜ್ಜ ಮುಖ ಮುಚ್ಚಿಕೊಳ್ಳುತ್ತಿದ್ದರು. ಇಷ್ಟೇ ನನಗೆ ಗೊತ್ತಿರುವುದು.